ಕಿಡ್ನಿ ಕಸಿಯ ಮಾರ್ಗಸೂಚಿಗೆ ಅಂಕ: 23 ಸಾಲುಗಳ ವ್ಯಾಖ್ಯಾನ

ಕಿಡ್ನಿ ಕಸಿಯಾದವರ ಔಷಧಿ ಚೀಟಿಯಲ್ಲಿ ಏನಿರಬೇಕು, ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಆಗಬೇಕು, ಕಸಿಯ ಪಟ್ಟಿಗೆ ಯಾರನ್ನು ಸೇರಿಸಬೇಕು, ಯಾರನ್ನು ಕಾಯಿಸಬೇಕು ಎಂಬುದಕ್ಕೆಲ್ಲ ಮಾರ್ಗಸೂಚಿಗಳಿವೆ. ಇವುಗಳಲ್ಲಿ ಹೆಚ್ಚು ಹೆಸರಾದುದು ಕೆಡಿಗೊ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದು. ಕಸಿಯಾದವರ ಆರೈಕೆಗೆ 2009ರಲ್ಲಿ, ಜೀವಂತ ದಾನಿಗಳ ತಪಾಸಣೆಗೆ 2017ರಲ್ಲಿ, ಕಸಿಗೆ ಕಾದಿರುವವರ ಆಯ್ಕೆಗೆ 2020ರಲ್ಲಿ ಅದು ಒಂದೊಂದು ಸೂಚಿ ಹೊರತಂದಿದೆ. ಯುರೋಪಿನವರದು, ಬ್ರಿಟನ್ನಿನವರದು, ಆಸ್ಟ್ರೇಲಿಯಾದವರದು ಬೇರೆ ಬೇರೆ ಇವೆ. ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ಬೊಜ್ಜಿರುವವರಿಗೆ ಕಸಿ ಮಾಡಬಹುದೇ ಎಂದು ಕೇಳಿದರೆ ಒಂದು ಬಿಗಿಯಾಗಿ ಉತ್ತರಿಸುತ್ತದೆ, ಇನ್ನೊಂದು ಸಡಿಲ ಬಿಡುತ್ತದೆ.

ಹಾಗಾದರೆ ಯಾವುದನ್ನು ನಂಬುವುದು? ಇದಕ್ಕಾಗಿಯೇ ಅಗ್ರೀ ಎಂಬ ಅಳತೆಪಟ್ಟಿ ಹುಟ್ಟಿತು. ಮೊದಲ ರೂಪ 2003ರದು. ಈಗ ಬಳಕೆಯಲ್ಲಿರುವ ಅಗ್ರೀ-2 ಬಂದದ್ದು 2010ರಲ್ಲಿ, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೆಲಿಸ್ಸಾ ಬ್ರೌವರ್ಸ್ ಮುಂದಾಳತ್ವದಲ್ಲಿ. ಅದರಲ್ಲಿರುವುದು ಆರು ಭಾಗ, 23 ಸಾಲು. ಒಂದೊಂದು ಸಾಲಿಗೂ 1ರಿಂದ 7ರವರೆಗೆ ಅಂಕ. ಯಾವ ಕಾಯಿಲೆಯ ಸೂಚಿಯನ್ನಾದರೂ ಇದರಲ್ಲಿ ಅಳೆಯಬಹುದು. ಇಲ್ಲಿ ಕೆಡಿಗೊದ 2009ರ ಸೂಚಿಯನ್ನು ಎದುರಿಗಿಟ್ಟುಕೊಂಡು ಆ ಸಾಲುಗಳನ್ನು ಒಂದೊಂದಾಗಿ ಬಿಡಿಸಿದ್ದೇನೆ. ಸಾಲುಗಳ ಭಾವ ಮೂಲದ್ದು, ಮಾತು ನನ್ನದು.

ಸಾಲು 1: ಸೂಚಿಯ ಉದ್ದೇಶ ಏನೆಂದು ಖಚಿತವಾಗಿ ಹೇಳಿದೆಯೇ?
ಸಾಲು 2: ಯಾವ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟಿದೆ ಎಂದು ತಿಳಿಸಿದೆಯೇ?

ಮೊದಲನೆಯದರಲ್ಲಿ ಅಂಕ ಕಳೆದುಕೊಳ್ಳುವವರು ಕಡಿಮೆ. ಉದ್ದೇಶ ಬರೆಯುವುದು ಯಾರಿಗೂ ಕಷ್ಟವಲ್ಲ. ಎರಡನೆಯದು ಹಾಗಲ್ಲ. ಕಸಿಯ ಹೊತ್ತಿನಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಇಂಡಕ್ಷನ್ ಔಷಧಿಯನ್ನೇ ನೋಡಿ. ‘ಅದನ್ನು ಕೊಡಬೇಕೇ’ ಎಂದಷ್ಟೇ ಕೇಳಿದರೆ ಸಾಲದು. ಯಾರಿಗೆ, ಯಾವ ಔಷಧಿಗೆ ಹೋಲಿಸಿ, ಯಾವ ಫಲವನ್ನು ಎಷ್ಟು ಕಾಲದ ಮೇಲೆ ಅಳೆದು ಎಂಬುದೂ ಪ್ರಶ್ನೆಯೊಳಗೇ ಇರಬೇಕು. ಆರು ತಿಂಗಳಲ್ಲಿ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದು, ಕಡಿಮೆಯಾಯಿತೇ ಎಂಬುದು ಒಂದು ಪ್ರಶ್ನೆ. ಹತ್ತು ವರ್ಷದ ಮೇಲೂ ಕಿಡ್ನಿ ಕೆಲಸ ಮಾಡುತ್ತಿದೆಯೇ ಎಂಬುದು ಬೇರೆಯದೇ ಪ್ರಶ್ನೆ. ಔಷಧಿ ಪ್ರಯೋಗಗಳು ಹೆಚ್ಚಾಗಿ ಉತ್ತರಿಸುವುದು ಮೊದಲನೆಯದಕ್ಕೆ. ರೋಗಿಗೆ ಬೇಕಿರುವುದು ಎರಡನೆಯದರ ಉತ್ತರ.

ಸಾಲು 3: ಯಾವ ರೋಗಿಗಳಿಗಾಗಿ ಬರೆದದ್ದು ಎಂದು ಹೇಳಿದೆಯೇ?

ನನ್ನ ಮಟ್ಟಿಗೆ ಈ ಪಟ್ಟಿಯ ಮೊದಲ ಕೊರತೆ ಇಲ್ಲಿದೆ. ಸೂಚಿ ಯಾರಿಗಾಗಿ ಎಂದು ಸಾಲು ಕೇಳುತ್ತದೆ, ಅದರ ಹಿಂದಿನ ಪುರಾವೆ ಯಾರ ಮೈಮೇಲಿಂದ ಬಂತು ಎಂದು ಕೇಳುವುದಿಲ್ಲ. ‘ಕಿಡ್ನಿ ಕಸಿಯಾದ ಎಲ್ಲರಿಗೂ’ ಎಂದು ಬರೆದರೆ ಪೂರ್ಣಾಂಕ ಸಿಕ್ಕೀತು. ಆ ‘ಎಲ್ಲರ’ ಪೈಕಿ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುಪಾಲು ಅಮೆರಿಕ, ಯುರೋಪಿನವರು.

ಕ್ಷಯದ ವಿಷಯದಲ್ಲಿ ಇದರ ಬಿಸಿ ತಟ್ಟುತ್ತದೆ. ಕಸಿಯಾದವರಿಗೆ ಕ್ಷಯ ತಡೆಯುವ ಮತ್ತು ಗುಣಪಡಿಸುವ ಕ್ರಮ ಉಳಿದ ಜನರಿಗಿರುವಂತೆಯೇ ಇರಲಿ ಎಂಬುದು 2009ರ ಸೂಚಿಯ ಸಲಹೆ. ಅದರ ಪಕ್ಕದಲ್ಲಿ ಸಿಕ್ಕಿಸಿದ ದರ್ಜೆ 2ಡಿ, ಅಂದರೆ ಸಲಹೆಯೂ ದುರ್ಬಲ, ಪುರಾವೆಯೂ ತೀರ ದುರ್ಬಲ. ಕ್ಷಯ ಅಪರೂಪವಾಗಿರುವ ದೇಶದಲ್ಲಿ ಇಷ್ಟು ಸಾಕಾದೀತು. ಭಾರತದಲ್ಲಿ ಕಸಿಯಾದವರಿಗೆ ಕ್ಷಯ ಬರುವುದು ಪಶ್ಚಿಮದ ದೇಶಗಳಿಗಿಂತ ಎಷ್ಟೋ ಹೆಚ್ಚು. ಇಲ್ಲಿನ ತೊಡಕು ಅಲ್ಲಿಗೆ ಮುಗಿಯುವುದೂ ಇಲ್ಲ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್. ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ರಿಜೆಕ್ಷನ್ ತಡೆಯಲು ಕೊಡುವ ಟ್ಯಾಕ್ರೋಲಿಮಸ್ ಎಂಬ ಔಷಧಿಯನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಕ್ಷಯ ವಾಸಿಯಾಗುವಷ್ಟರಲ್ಲಿ ಕಿಡ್ನಿ ಕೈಕೊಡುವ ಅಪಾಯವಿದೆ. ರಿಫಾಂಪಿಸಿನ್ ಕೊಡುವಾಗ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡುತ್ತಿರಿ ಎಂದು ಸೂಚಿ ಬಲವಾಗಿಯೇ ಹೇಳಿದೆ, ಸರಿ. ಆದರೆ ಮಟ್ಟ ಉಳಿಸಿಕೊಳ್ಳಲು ಡೋಸನ್ನು ಹಲವು ಪಟ್ಟು ಏರಿಸಬೇಕಾಗಬಹುದು, ಖರ್ಚೂ ಅದರ ಜೊತೆಗೇ ಏರುತ್ತದೆ. ನಮ್ಮ ಹಲವು ನೆಫ್ರಾಲಜಿಸ್ಟರು ರಿಫಾಂಪಿಸಿನ್ ಬಿಟ್ಟು ಲೆವೊಫ್ಲಾಕ್ಸಸಿನ್ ಸೇರಿಸಿದ ದಾರಿ ಹಿಡಿದಿರುವುದು ಈ ಇಕ್ಕಟ್ಟಿನಿಂದಲೇ. ಆ ದಾರಿ ಹುಟ್ಟಿದ್ದು ಸೂಚಿಯಿಂದಲ್ಲ, ಒಪಿಡಿಯ ಅನುಭವದಿಂದ.

ಸಾಲು 4: ಸಂಬಂಧಪಟ್ಟ ಎಲ್ಲ ವೃತ್ತಿಯವರೂ ರಚನಾ ತಂಡದಲ್ಲಿದ್ದರೇ?

ನೆಫ್ರಾಲಜಿಸ್ಟರು, ಶಸ್ತ್ರವೈದ್ಯರು ಇದ್ದೇ ಇರುತ್ತಾರೆ. ಕಸಿ ಸಂಯೋಜಕರು, ನರ್ಸುಗಳು, ಔಷಧ ತಜ್ಞರು ಇದ್ದಾರೆಯೇ ಎಂದು ಹೆಸರುಪಟ್ಟಿ ತಿರುವಿ ನೋಡಬೇಕು. ಪುರಾವೆ ಜರಡಿಹಿಡಿಯುವ ವಿಧಾನ ಬಲ್ಲವರೂ ಬೇಕು. 2009ರ ಸೂಚಿಗೆ ಆ ಕೆಲಸ ಮಾಡಿದ್ದು ಬಾಸ್ಟನ್ನಿನ ಟಫ್ಟ್ಸ್ ಕೇಂದ್ರದ ಪ್ರತ್ಯೇಕ ತಂಡ. ಈ ವಿಂಗಡಣೆ ಒಳ್ಳೆಯದು. ತಮ್ಮ ಕ್ಷೇತ್ರದ ಪ್ರಬಂಧಗಳನ್ನು ತಜ್ಞರೇ ಆಯ್ದರೆ ತಮಗೆ ಪ್ರಿಯವಾದುದರ ಕಡೆಗೆ ಕೈ ಹೋಗುವುದು ಸಹಜ.

ಸಾಲು 5: ರೋಗಿಗಳ ಅಭಿಪ್ರಾಯ, ಆದ್ಯತೆಗಳನ್ನು ಕೇಳಿ ತಿಳಿದಿದ್ದಾರೆಯೇ?

ವೈದ್ಯರ ಕಣ್ಣು ಕ್ರಿಯಾಟಿನಿನ್ ಮೇಲೆ, ರಿಜೆಕ್ಷನ್ ಮೇಲೆ. ರೋಗಿಯ ಲೆಕ್ಕ ಬೇರೆ. ಸಾಂಗ್ ಎಂಬ ಅಂತರರಾಷ್ಟ್ರೀಯ ಉಪಕ್ರಮ ಕಸಿಯಾದವರನ್ನೂ ಅವರ ಮನೆಯವರನ್ನೂ ವೈದ್ಯರ ಜೊತೆಗೇ ಕೂರಿಸಿ, ಪ್ರತಿಯೊಂದು ಪ್ರಯೋಗವೂ ಅಳೆಯಲೇಬೇಕಾದ ಫಲಗಳು ಯಾವುವೆಂದು ಕೇಳಿತು. ಕೊನೆಗೆ ಉಳಿದವು ಆರು: ಕಸಿಯಾದ ಕಿಡ್ನಿಯ ಆರೋಗ್ಯ, ಸಾವು, ಹೃದ್ರೋಗ, ಸೋಂಕು, ಕ್ಯಾನ್ಸರ್, ಮತ್ತು ಬದುಕಿನಲ್ಲಿ ಪಾಲ್ಗೊಳ್ಳುವ ಶಕ್ತಿ. ಕೊನೆಯದನ್ನು ಯಾವ ಲ್ಯಾಬೂ ಅಳೆಯುವುದಿಲ್ಲ. ಕೆಲಸಕ್ಕೆ ಮರಳುವುದು, ಮಗುವನ್ನು ಶಾಲೆಗೆ ಬಿಟ್ಟು ಬರುವುದು, ನೆಂಟರ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂರುವುದು, ಎಲ್ಲವೂ ಅದರೊಳಗೆ ಬಂತು.

ಕಸಿಯ ವಿಚಾರದಲ್ಲಿ ಈ ಸಾಲಿಗೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಇಬ್ಬರು. ಭಾರತದಲ್ಲಿ ಕಿಡ್ನಿ ಕಸಿಯ ಬಹುಪಾಲು ಜೀವಂತ ದಾನಿಗಳಿಂದಲೇ ನಡೆಯುತ್ತದೆ. ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಹಾಗಿರುವಾಗ ಕಿಡ್ನಿ ಕೊಟ್ಟ ತಾಯಿಯನ್ನೋ ಹೆಂಡತಿಯನ್ನೋ ಕೇಳದೆ ಬರೆದ ಸೂಚಿಗೆ ಈ ಸಾಲಿನಲ್ಲಿ ನಾನಂತೂ 3ಕ್ಕಿಂತ ಹೆಚ್ಚು ಹಾಕಲಾರೆ.

ಸಾಲು 6: ಸೂಚಿಯನ್ನು ಬಳಸುವವರು ಯಾರೆಂದು ಹೇಳಿದೆಯೇ?

ಹೇಳಿರುತ್ತದೆ: ಕಸಿ ಕೇಂದ್ರದ ವೈದ್ಯರು, ಸಿಬ್ಬಂದಿ. ರೋಗಿಯ ಊರಿನ ಡಾಕ್ಟರು ಆ ಪಟ್ಟಿಯಲ್ಲಿ ಕಾಣುವುದು ಕಡಿಮೆ. ಅದರಿಂದ ಏನಾಗುತ್ತದೆಂದು 20ನೇ ಸಾಲಿನಲ್ಲಿ ನೋಡೋಣ.

ಸಾಲು 7: ಪುರಾವೆಯನ್ನು ಕ್ರಮಬದ್ಧವಾಗಿ ಹುಡುಕಿದ್ದಾರೆಯೇ?
ಸಾಲು 8: ಯಾವ ಅಧ್ಯಯನ ಸೇರಿಸಿಕೊಂಡೆವು, ಯಾವುದನ್ನು ಬಿಟ್ಟೆವು ಎಂಬುದಕ್ಕೆ ನಿಯಮ ಬರೆದಿದ್ದಾರೆಯೇ?

ಇಲ್ಲಿಂದ 14ರವರೆಗಿನ ಎಂಟು ಸಾಲು ಈ ಪಟ್ಟಿಯ ಬೆನ್ನೆಲುಬು. ಹುಡುಕಿದ ದತ್ತಕೋಶದ ಹೆಸರು, ದಿನಾಂಕ, ಬಳಸಿದ ಪದಗಳು ಇದ್ದರೆ ಇನ್ನೊಬ್ಬರು ಅದೇ ಹುಡುಕಾಟ ನಡೆಸಿ ತಾಳೆ ನೋಡಬಹುದು. ‘ತಜ್ಞರ ಸಭೆಯಲ್ಲಿ ಒಮ್ಮತ ಮೂಡಿತು’ ಎಂದಷ್ಟೇ ಬರೆದ ದಾಖಲೆ ಇಲ್ಲಿ ಮುಗ್ಗರಿಸುತ್ತದೆ. ನಮ್ಮಲ್ಲಿ ಹೊರಬರುವ ಸೂಚಿಗಳಲ್ಲಿ ಈ ಜಾತಿಯವೇ ಹೆಚ್ಚು ಎಂಬುದು ನನ್ನ ದೂರು.

ಸಾಲು 9: ಪುರಾವೆಯ ಬಲ, ದೌರ್ಬಲ್ಯ ಎರಡನ್ನೂ ಬಿಚ್ಚಿಟ್ಟಿದ್ದಾರೆಯೇ?

ಕೆಡಿಗೊ ತನ್ನ ಪ್ರತಿಯೊಂದು ಶಿಫಾರಸಿಗೂ ಒಂದು ಅಂಕಿ, ಒಂದು ಅಕ್ಷರ ಅಂಟಿಸುತ್ತದೆ. ಅಂಕಿ 1 ಎಂದರೆ ಬಲವಾದ ಶಿಫಾರಸು, 2 ಎಂದರೆ ಸಲಹೆ. ಪುರಾವೆಯ ಗುಣ ಎ ಇಂದ ಡಿವರೆಗೆ ಇಳಿಯುತ್ತ ಹೋಗುತ್ತದೆ. 2009ರ ಸೂಚಿಯಲ್ಲಿ ಹೀಗೆ ದರ್ಜೆ ಪಡೆದ ಶಿಫಾರಸುಗಳು 198. ಅವುಗಳಲ್ಲಿ ಎ ದರ್ಜೆಯ ಪುರಾವೆ ಇದ್ದದ್ದು ನಾಲ್ಕಕ್ಕೆ ಮಾತ್ರ. ಬಿ 27, ಸಿ 77, ಡಿ 90. ಇಡೀ ಸೂಚಿಯ ಅರ್ಧದ ಹತ್ತಿರ ಹತ್ತಿರ ತೀರ ದುರ್ಬಲ ಪುರಾವೆಯ ಮೇಲೆ ನಿಂತಿದೆ ಎಂದಾಯಿತು. ದರ್ಜೆಯನ್ನೇ ಕೊಡದ ಹೇಳಿಕೆಗಳು ಬೇರೆ ಇವೆ.

ಇಷ್ಟಾದರೂ 9ನೇ ಸಾಲಿನಲ್ಲಿ ಈ ಸೂಚಿಗೆ ಒಳ್ಳೆಯ ಅಂಕ ಸಲ್ಲಬೇಕು. ಅಗ್ರೀ ಅಳೆಯುವುದು ಪುರಾವೆ ಗಟ್ಟಿಯಾಗಿದೆಯೇ ಎಂದಲ್ಲ, ಗಟ್ಟಿಯಿಲ್ಲದಿದ್ದರೆ ಹಾಗೆಂದು ಒಪ್ಪಿಕೊಂಡಿದ್ದಾರೆಯೇ ಎಂದು. ಈ ಭೇದ ಮರೆತರೆ ಅಂಕಪಟ್ಟಿಯನ್ನು ಓದುವುದೇ ತಪ್ಪಾಗುತ್ತದೆ. ಅಡುಗೆಮನೆ ಚೊಕ್ಕಟವಾಗಿದೆ ಎಂದರೆ ಊಟ ನಮ್ಮ ಹೊಟ್ಟೆಗೆ ಒಗ್ಗುತ್ತದೆ ಎಂದೇನೂ ಅಲ್ಲ.

ಸಾಲು 10: ಪುರಾವೆಯಿಂದ ಶಿಫಾರಸಿಗೆ ಬಂದದ್ದು ಹೇಗೆಂದು ವಿವರಿಸಿದ್ದಾರೆಯೇ?

ಮತ ಹಾಕಿದರೇ, ಚರ್ಚೆಯಲ್ಲೇ ತೀರ್ಮಾನವಾಯಿತೇ, ಒಪ್ಪದವರಿದ್ದರೇ? ಒಪ್ಪದವರ ಮಾತು ಅಚ್ಚಾಗುವುದು ಅಪರೂಪ.

ಸಾಲು 11: ಲಾಭದ ಜೊತೆಗೆ ಅಡ್ಡಪರಿಣಾಮ, ಅಪಾಯಗಳನ್ನೂ ತೂಗಿದ್ದಾರೆಯೇ?
ಸಾಲು 12: ಶಿಫಾರಸಿಗೂ ಅದರ ಪುರಾವೆಗೂ ನೇರ ಕೊಂಡಿ ಇದೆಯೇ?

ಎ ಪಡೆದ ಆ ನಾಲ್ಕರಲ್ಲಿ ಒಂದನ್ನು ಕೈಗೆತ್ತಿಕೊಳ್ಳೋಣ. ಸೈಕ್ಲೊಸ್ಪೋರಿನ್, ಟ್ಯಾಕ್ರೋಲಿಮಸ್ ಇವೆರಡರಲ್ಲಿ ಟ್ಯಾಕ್ರೋಲಿಮಸ್ ಮೊದಲ ಆಯ್ಕೆಯಾಗಲಿ ಎನ್ನುತ್ತದೆ ಸೂಚಿ. ಪುರಾವೆ ಎ. ಆದರೂ ಶಿಫಾರಸಿನ ಬಲ 2 ಮಾತ್ರ. ಇಷ್ಟು ಗಟ್ಟಿ ಪುರಾವೆಯ ಮೇಲೆ ಇಷ್ಟು ಮೆತ್ತಗಿನ ಮಾತು ಏಕೆ? ತಕ್ಕಡಿಯ ಇನ್ನೊಂದು ತಟ್ಟೆ ಖಾಲಿ ಇಲ್ಲದ್ದರಿಂದ. ಟ್ಯಾಕ್ರೋಲಿಮಸ್‌ನಿಂದ ರಿಜೆಕ್ಷನ್ ಕಡಿಮೆ, ಮೊದಲ ವರ್ಷದಲ್ಲಿ ಕಿಡ್ನಿ ಉಳಿಯುವುದು ಹೆಚ್ಚು. ಜೊತೆಗೆ ಹೊಸದಾಗಿ ಸಕ್ಕರೆ ಕಾಯಿಲೆ ಹತ್ತುವುದೂ ಹೆಚ್ಚು. 1,645 ರೋಗಿಗಳನ್ನು ಒಳಗೊಂಡು 2007ರಲ್ಲಿ ಪ್ರಕಟವಾದ ಸಿಂಫನಿ ಪ್ರಯೋಗದಲ್ಲಿ ಕಡಿಮೆ ಡೋಸಿನ ಟ್ಯಾಕ್ರೋಲಿಮಸ್ ಪಡೆದ ಗುಂಪಿನ ಕಿಡ್ನಿಗಳೇ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದವು, ಮಧುಮೇಹ ಹೆಚ್ಚು ಕಂಡದ್ದೂ ಅದೇ ಗುಂಪಿನಲ್ಲಿ. ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇರುವ ರೋಗಿಯ ಮುಂದೆ ಕೂತ ವೈದ್ಯರಿಗೆ ಆ 2 ಒಂದಿಷ್ಟು ಜಾಗ ಬಿಟ್ಟುಕೊಡುತ್ತದೆ. ಅಂಕಿಯನ್ನೂ ಅಕ್ಷರವನ್ನೂ ಬೇರೆ ಬೇರೆಯಾಗಿ ಓದಬೇಕಾದ್ದು ಇದಕ್ಕೇ.

ಸಾಲು 13: ಪ್ರಕಟಣೆಗೆ ಮೊದಲು ಹೊರಗಿನ ತಜ್ಞರು ಪರಿಶೀಲಿಸಿದರೇ?

ಕೆಡಿಗೊ ಕರಡನ್ನು ಸಾರ್ವಜನಿಕ ಪರಿಶೀಲನೆಗೆ ಇಡುತ್ತದೆ. ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ.

ಸಾಲು 14: ಸೂಚಿಯನ್ನು ಮತ್ತೆ ಪರಿಷ್ಕರಿಸುವ ಕ್ರಮ ಬರೆದಿದ್ದಾರೆಯೇ?

ಕ್ರಮ ಬರೆದರೆ ಅಂಕ ಬರುತ್ತದೆ. ಪರಿಷ್ಕರಿಸಿದರೇ ಎಂದು ಸಾಲು ಕೇಳುವುದಿಲ್ಲ. ಔಷಧಿಗಳೋ ಕಾಯುವುದಿಲ್ಲ. ಇಂಡಕ್ಷನ್‌ಗೆ ಮೊದಲ ಆಯ್ಕೆಯಾಗಿ ಸೂಚಿ ಹೇಳಿದ ಗುಂಪಿನಲ್ಲಿ ಇದ್ದದ್ದು ಎರಡು ಔಷಧಿ. ಅವುಗಳಲ್ಲಿ ಡಾಕ್ಲಿಜುಮಾಬ್ ಸೂಚಿ ಹೊರಬಂದ ಆಸುಪಾಸಿನಲ್ಲೇ ಕಸಿಯ ಮಾರುಕಟ್ಟೆಯಿಂದ ಹೋಯಿತು, ಉಳಿದದ್ದು ಬಾಸಿಲಿಕ್ಸಿಮಾಬ್. ಆ ಗುಂಪಿನ ಪರವಾದ ಪ್ರಯೋಗಗಳಲ್ಲಿ ಎಷ್ಟೋ ಸೈಕ್ಲೊಸ್ಪೋರಿನ್ ಕಾಲದವು. ಟ್ಯಾಕ್ರೋಲಿಮಸ್ ಮತ್ತು ರಿಜೆಕ್ಷನ್ ತಡೆಯುವ ಇನ್ನೊಂದು ಔಷಧಿ ಮೈಕೋಫಿನೊಲೇಟ್ ಎರಡೂ ಕೊಡುತ್ತಿರುವ ರೋಗಿಗೆ ಅದರಿಂದ ಈಗ ಎಷ್ಟು ಪ್ರಯೋಜನ ಎಂಬ ಚರ್ಚೆ ನಡೆದೇ ಇದೆ. ರಿಜೆಕ್ಷನ್ ತಡೆಯುವ ಹೊಸ ಔಷಧಿ ಬೆಲಟಾಸೆಪ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಅಂದರೆ ಸೂಚಿ ಅಚ್ಚಾದ ಎರಡು ವರ್ಷಕ್ಕೆ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಕೀಟೊಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಔಷಧಿಯ ವಿಷಯದಲ್ಲಿ. ಖರ್ಚು ತಗ್ಗಿಸುವ ಉಪಾಯವಾಗಿ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೊಸ್ಪೋರಿನ್ ಜೊತೆ ಅದನ್ನು ಕೊಡಬಹುದು ಎಂದು 2009ರ ಸೂಚಿಯಲ್ಲಿದೆ. 2013ರ ಜುಲೈನಲ್ಲಿ ಯುರೋಪಿನ ಔಷಧ ನಿಯಂತ್ರಕರು ಕೀಟೊಕೊನಜೋಲ್ ಮಾತ್ರೆಗಳ ಮಾರಾಟ ನಿಲ್ಲಿಸಲು ಶಿಫಾರಸು ಮಾಡಿದರು. ಅಮೆರಿಕದವರು ಅದರ ಬಳಕೆಯನ್ನು ತೀರ ಬಿಗಿಗೊಳಿಸಿದರು. ಕಾರಣ ಯಕೃತ್ತಿಗೆ ಆಗುವ ಹಾನಿ. ಹಳೆಯ ಪುಟವನ್ನು ಇಂದು ತೆರೆದು ಓದುವವರಿಗೆ ಈ ಸಂಗತಿ ಅಲ್ಲಿ ಸಿಗುವುದಿಲ್ಲ.

ಸಾಲು 15: ಶಿಫಾರಸುಗಳು ನಿರ್ದಿಷ್ಟವಾಗಿವೆಯೇ?
ಸಾಲು 16: ಬೇರೆ ಆಯ್ಕೆಗಳನ್ನೂ ಮುಂದಿಟ್ಟಿದೆಯೇ?
ಸಾಲು 17: ಮುಖ್ಯ ಶಿಫಾರಸುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆಯೇ?

ಸಾಮಾನ್ಯವಾಗಿ ಎಲ್ಲ ಸೂಚಿಗಳೂ ಒಳ್ಳೆಯ ಅಂಕ ಗಳಿಸುವ ಭಾಗ ಇದು. ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಅಚ್ಚು ಮಾಡಿದರೆ 17ನೆಯದು ಮುಗಿಯಿತು. 15ಕ್ಕೆ 2020ರ ಸೂಚಿಯಿಂದ ಒಂದು ಒಳ್ಳೆಯ ಮಾದರಿ: ‘ತಂಬಾಕು ಬಿಡಿಸಿ’ ಎಂಬಲ್ಲಿಗೆ ನಿಲ್ಲಿಸದೆ, ಪಟ್ಟಿಗೆ ಸೇರಿಸುವ ಮುನ್ನ ಕನಿಷ್ಠ ಒಂದು ತಿಂಗಳು ಬಿಟ್ಟಿರಬೇಕು ಎಂದು ಅದು ಅವಧಿಯನ್ನೇ ಹೇಳುತ್ತದೆ. ತಂಬಾಕು ಎಂದರೆ ಬೀಡಿ, ಸಿಗರೇಟು ಮಾತ್ರ ಎಂದುಕೊಂಡು ಗುಟ್ಕಾ, ಎಲೆಅಡಿಕೆಯ ಹೊಗೆಸೊಪ್ಪನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮ ಕಡೆಯ ರೂಢಿ. ಕೇಳುವವರು ಬಿಡಿಸಿ ಕೇಳಬೇಕು.

ಸಾಲು 18: ಸೂಚಿಯನ್ನು ಜಾರಿಗೆ ತರಲು ಇರುವ ಅನುಕೂಲ, ಅಡ್ಡಿಗಳನ್ನು ಹೇಳಿದೆಯೇ?
ಸಾಲು 19: ಜಾರಿಗೆ ಬೇಕಾದ ಸಲಹೆ, ಸಾಧನಗಳನ್ನು ಕೊಟ್ಟಿದೆಯೇ?
ಸಾಲು 20: ಖರ್ಚು, ಸಂಪನ್ಮೂಲಗಳನ್ನು ಲೆಕ್ಕ ಹಾಕಿದೆಯೇ?

ಯಾವ ಕಾಯಿಲೆಯ ಸೂಚಿಯನ್ನು ಅಳೆದರೂ ಕಡಿಮೆ ಅಂಕ ಬೀಳುವುದು ಹೆಚ್ಚಾಗಿ ಈ ಭಾಗದಲ್ಲೇ. ಆ ದೃಷ್ಟಿಯಿಂದ ಕೆಡಿಗೊ 2009 ಅಪವಾದ ಎನ್ನಬೇಕು. ಅದರ ನಾಲ್ಕನೇ ಅಧ್ಯಾಯ ಇಡಿಯಾಗಿ ಔಷಧಿಯ ಖರ್ಚು ಕಡಿಮೆ ಮಾಡುವ ಬಗ್ಗೆಯೇ ಇದೆ. ಔಷಧಿಯ ಬೆಲೆಯಿಂದಾಗಿ ಕಸಿಯೇ ತಪ್ಪಿಹೋಗುವಂತಿದ್ದರೆ ಎರಡನೇ ದರ್ಜೆಯ ಔಷಧಿ ಬಳಸಿಯಾದರೂ ಕಸಿ ಮಾಡುವುದು ಡಯಾಲಿಸಿಸ್‌ಗಿಂತ ಮೇಲು ಎಂಬುದು ಅದರ ನಿಲುವು. ಶ್ರೀಮಂತ ದೇಶಗಳ ಸೂಚಿಯಲ್ಲಿ ಇಂಥ ಮಾತು ಸಿಗುವುದು ಕಷ್ಟ. ಮೈಕೋಫಿನೊಲೇಟ್ ಬದಲು ಅಜಾಥಯೋಪ್ರಿನ್, ಹೆಚ್ಚು ಅಪಾಯದಲ್ಲಿರುವವರಿಗಷ್ಟೇ ದುಬಾರಿ ಇಂಡಕ್ಷನ್, ಸರಿಯಾಗಿ ಪರೀಕ್ಷೆಯಾದ ಜೆನೆರಿಕ್ ಔಷಧಿ, ಹಾಗೂ ಟ್ಯಾಕ್ರೋಲಿಮಸ್ ಡೋಸ್ ಇಳಿಸಲು ಡಿಲ್ಟಿಯಾಜೆಮ್ ಬಗೆಯ ಮಾತ್ರೆ ಅಲ್ಲಿ ಹೇಳಿರುವ ದಾರಿಗಳು.

ಕೊನೆಯದನ್ನು ನಮ್ಮ ಚೀಟಿಗಳಲ್ಲಿ ಈಗಲೂ ಕಾಣಬಹುದು. ಡಿಲ್ಟಿಯಾಜೆಮ್ ಬಿಪಿಯ ಮಾತ್ರೆ. ಅದು ಟ್ಯಾಕ್ರೋಲಿಮಸ್ ಕರಗುವುದನ್ನು ನಿಧಾನಗೊಳಿಸುವುದರಿಂದ, ಜೊತೆಗೆ ಕೊಟ್ಟರೆ ಕಡಿಮೆ ಡೋಸಿನಲ್ಲೇ ಬೇಕಾದ ಮಟ್ಟ ಸಿಗುತ್ತದೆ, ತಿಂಗಳ ಬಿಲ್ಲು ಇಳಿಯುತ್ತದೆ. ಈಗ 6ನೇ ಸಾಲನ್ನು ನೆನೆಯಿರಿ. ರೋಗಿ ಊರಿಗೆ ಹೋಗಿ ತಲೆಸುತ್ತೆಂದು ಹತ್ತಿರದ ಡಾಕ್ಟರಿಗೆ ತೋರಿಸುತ್ತಾನೆ. ಅವರು ಬಿಪಿ ನೋಡಿ ‘ಕಡಿಮೆಯೇ ಇದೆಯಲ್ಲ, ಈ ಮಾತ್ರೆ ಬೇಡ ಬಿಡಪ್ಪ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ತಪ್ಪಲ್ಲ. ಆದರೆ ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಕುಸಿಯುತ್ತದೆ, ರಿಜೆಕ್ಷನ್‌ಗೆ ದಾರಿಯಾಗುತ್ತದೆ. ಕೆಮ್ಮಿಗೆಂದು ಕ್ಲಾರಿಥ್ರೊಮೈಸಿನ್ ಬರೆದರೆ ಆಗುವುದು ಇದರ ತಿರುವುಮುರುವು: ಮಟ್ಟ ಏರಿ ಕಿಡ್ನಿಗೇ ಪೆಟ್ಟು ಬೀಳುತ್ತದೆ. 19ನೇ ಸಾಲು ಕೇಳುವ ಸಾಧನವೆಂದರೆ ಇಂಥ ಕಡೆ ದೊಡ್ಡ ಸಾಫ್ಟ್‌ವೇರ್ ಆಗಬೇಕಿಲ್ಲ. ‘ಈ ಮಾತ್ರೆ ಬಿಪಿಗಲ್ಲ, ಕೇಳದೆ ನಿಲ್ಲಿಸಬೇಡಿ’ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದರೂ ಆದೀತು.

ಜೆನೆರಿಕ್ ವಿಷಯದಲ್ಲಿ ಸೂಚಿಯ ಮಾತು ನಮಗೆ ನೇರವಾಗಿ ಒಪ್ಪುತ್ತದೆ: ರಕ್ತಮಟ್ಟ ನೋಡಿ ಕೊಡುವ ಔಷಧಿಯ ಬ್ರ್ಯಾಂಡ್ ಬದಲಾದರೆ, ಮಟ್ಟ ಸ್ಥಿರವಾಗುವವರೆಗೆ ಮತ್ತೆ ಮತ್ತೆ ಪರೀಕ್ಷಿಸಬೇಕು. ಮೆಡಿಕಲ್ ಶಾಪಿನವರು ‘ಅದು ಸ್ಟಾಕಿಲ್ಲ, ಇದೂ ಅದೇ’ ಎಂದು ಬೇರೆ ಕಂಪನಿಯ ಸ್ಟ್ರಿಪ್ ಕೊಟ್ಟಾಗ ಡಾಕ್ಟರಿಗೆ ಫೋನ್ ಮಾಡಬೇಕೆಂದು ಎಷ್ಟು ರೋಗಿಗಳಿಗೆ ಯಾರಾದರೂ ಹೇಳಿದ್ದಾರೆ?

ಸಾಲು 21: ಸೂಚಿ ಪಾಲನೆಯಾಗುತ್ತಿದೆಯೇ ಎಂದು ಅಳೆಯುವ ಮಾನದಂಡಗಳಿವೆಯೇ?

ಬಲವಾದ ಶಿಫಾರಸು, ಗಟ್ಟಿ ಪುರಾವೆ ಎರಡೂ ಇರುವ ಕಡೆ ಮಾತ್ರ ಇಂಥ ಮಾನದಂಡ ಇಡುವುದು ನ್ಯಾಯ. 2ಡಿ ಸಲಹೆಯನ್ನು ಪಾಲಿಸಲಿಲ್ಲವೆಂದು ಆಸ್ಪತ್ರೆಯ ಮೇಲೆ ಗುರುತು ಹಾಕುವಂತಿಲ್ಲ. ವಿಮೆ ಕಂಪನಿಗಳೂ ಇದನ್ನು ಓದಿಕೊಂಡರೆ ಚೆನ್ನು.

ಸಾಲು 22: ಹಣ ಕೊಟ್ಟವರ ಪ್ರಭಾವ ಬಿದ್ದಿಲ್ಲವೇ?
ಸಾಲು 23: ರಚನೆಕಾರರ ಹಿತಾಸಕ್ತಿಗಳನ್ನು ದಾಖಲಿಸಿ, ಅದಕ್ಕೆ ಕ್ರಮ ಕೈಗೊಂಡಿದ್ದಾರೆಯೇ?

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನು ಕಿಡ್ನಿ ಇರುವಷ್ಟು ಕಾಲ ನುಂಗಬೇಕು. ಸೂಚಿಯಲ್ಲಿ ‘ಮೊದಲ ಆಯ್ಕೆ’ ಎಂದು ಹೆಸರು ಬಂದ ಔಷಧಿಗೆ ವರ್ಷಗಟ್ಟಲೆ ಮಾರಾಟ ಖಾತ್ರಿ. ಹಾಗಾಗಿ ಕಸಿಯ ಸೂಚಿಗಳಲ್ಲಿ ಈ ಎರಡು ಸಾಲು ಕೊನೆಯಲ್ಲಿದ್ದರೂ ನಾನು ಮೊದಲು ತೆರೆಯುವುದು ಇವನ್ನೇ. ಕೆಡಿಗೊಗೆ ಹಣ ಬರುವುದು ಪ್ರಾಯೋಜಕರ ಒಕ್ಕೂಟದಿಂದ. ಅದರಲ್ಲಿ ಔಷಧಿ ಕಂಪನಿಗಳೂ ಇವೆ. ನಿರ್ದಿಷ್ಟ ಸೂಚಿಯೊಂದಕ್ಕೆಂದು ಯಾರಿಂದಲೂ ಹಣ ಪಡೆಯುವುದಿಲ್ಲ ಎಂದು ಸಂಸ್ಥೆ ಹೇಳಿಕೊಂಡಿದೆ. ತಂಡದವರ ಹಿತಾಸಕ್ತಿಗಳ ಪಟ್ಟಿಯನ್ನೂ ಅಚ್ಚು ಹಾಕಿದೆ. ಪಟ್ಟಿ ಅಚ್ಚಾದ ಮಾತ್ರಕ್ಕೆ 23ನೇ ಸಾಲಿನ ಎರಡನೇ ಅರ್ಧ ಪೂರೈಸಿದಂತಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಹಾಕಿಕೊಟ್ಟ ಮಾನದಂಡ ಇನ್ನೂ ಬಿಗಿ: ಹಿತಾಸಕ್ತಿ ಇರುವವರು ಅಧ್ಯಕ್ಷರಾಗಬಾರದು, ತಂಡದಲ್ಲಿ ಅವರು ಅಲ್ಪಸಂಖ್ಯಾತರಾಗಿರಬೇಕು. ಕಸಿಯಂಥ ಚಿಕ್ಕ ಕ್ಷೇತ್ರದಲ್ಲಿ ಕಂಪನಿಗಳ ಸಂಗಡ ಕೆಲಸ ಮಾಡದ ಹಿರಿಯರನ್ನು ಹುಡುಕುವುದು ಸುಲಭವಲ್ಲ, ನಿಜ. ಅದು ಕಷ್ಟ ಎಂಬುದಕ್ಕೆ ಅಂಕ ಕೊಡಲಾಗದು.

ಇನ್ನು ಕೂಡಿಸುವ ಲೆಕ್ಕ. ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು ಬೇರೆ ಬೇರೆ ಕೂತು ಅಂಕ ಹಾಕಬೇಕು. ಎಂಟು ಸಾಲಿನ ಮೂರನೇ ಭಾಗಕ್ಕೆ ಇಬ್ಬರು ಹಾಕಿದರೆ ಗರಿಷ್ಠ 112, ಕನಿಷ್ಠ 16. ಬಂದದ್ದು 80 ಎಂದುಕೊಳ್ಳಿ. ಅದರಲ್ಲಿ 16 ಕಳೆದರೆ 64. ಗರಿಷ್ಠ ಕನಿಷ್ಠಗಳ ಅಂತರ 96. ಭಾಗಿಸಿದರೆ ಶೇ 67ರ ಸುಮಾರು. ಆರು ಭಾಗಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು, ಒಟ್ಟುಗೂಡಿಸಿ ಒಂದೇ ಅಂಕ ಮಾಡಬಾರದು ಎಂದು ಪಟ್ಟಿ ಮಾಡಿದವರೇ ಹೇಳಿದ್ದಾರೆ. ಇಷ್ಟು ಬಂದರೆ ಪಾಸು ಎಂಬ ಗೆರೆಯನ್ನೂ ಅವರು ಎಳೆದಿಲ್ಲ. ಆದರೂ ಹಾಗೆ ಎಳೆದು ‘ಉತ್ತಮ’, ‘ಕಳಪೆ’ ಎಂದು ಚೀಟಿ ಅಂಟಿಸುವ ಪ್ರಬಂಧಗಳಿಗೆ ಬರವಿಲ್ಲ.

23 ಸಾಲು ಮುಗಿದ ಮೇಲೆ ಕೊನೆಗೊಂದು ಪ್ರಶ್ನೆಯಿದೆ: ಈ ಸೂಚಿಯನ್ನು ಬಳಸಲು ಶಿಫಾರಸು ಮಾಡುತ್ತೀರಾ? ಉತ್ತರ ಮೂರರಲ್ಲಿ ಒಂದು: ಹೌದು, ತಿದ್ದುಪಡಿಯೊಂದಿಗೆ ಹೌದು, ಇಲ್ಲ. ಕೆಡಿಗೊ 2009ಕ್ಕೆ ನನ್ನ ಉತ್ತರ ಎರಡನೆಯದು. ನಮ್ಮಲ್ಲಿ ಬಳಸುವುದಾದರೆ ಕ್ಷಯದ ಭಾಗವನ್ನು ಇಲ್ಲಿನ ರೋಗಿಗಳ ಅನುಭವದ ಮೇಲೆ ಹೊಸದಾಗಿ ಬರೆಯಬೇಕು, ಕೀಟೊಕೊನಜೋಲ್ ಸಲಹೆಯನ್ನು ತೆಗೆಯಬೇಕು, ಇಂಡಕ್ಷನ್ ಅಧ್ಯಾಯವನ್ನು ಇಂದಿನ ಔಷಧಿಗಳಿಗೆ ಹೊಂದಿಸಿ ಮತ್ತೆ ತೂಗಬೇಕು. ನಾಲ್ಕನೇ ಅಧ್ಯಾಯದ ಉಳಿದ ಭಾಗವನ್ನು ಮಾತ್ರ ಮುಟ್ಟಬೇಕಾಗಿಲ್ಲ.